ಹದಿನೈದರವರೆಗಿನ ಎಣಿಕೆ

ನನ್ನ ಚೀಲದಲ್ಲೊಂದು ತೋಳಿದೆ. ಗಾಬರಿಯಾಗಬೇಡಿ, ಯಜಮಾನರ ಹಳೆಯ ಅಂಗಿಯ ತೋಳಿಗೆ ಹತ್ತಿ ತುರುಕಿ, ಮೊಣಕೈಯ ಮೇಲೊಂದು ಸಪೂರ ಕೊಳವೆ ಹೊಲಿದು ನಾನೇ ಮಾಡಿಕೊಂಡ ಬೊಂಬೆತೋಳು ಅದು. ರಕ್ತನಾಳದೊಳಗೆ ಇಳಿಸಿ ತಿಂಗಳುಗಟ್ಟಲೆ ಬಿಡುವ ಇಂಥ ಕೊಳವೆಯನ್ನು ಜೋಪಾನ ಮಾಡುವುದು ಹೇಗೆಂದು ಕೊಡಗಿನ ನರ್ಸುಗಳಿಗೆ ಕಲಿಸುವುದು ನನ್ನ ಉದ್ಯೋಗ. ಪಾಠದ ತಿರುಳು ಇಷ್ಟೇ: ಔಷಧ ಹಾಕುವ ಮುನ್ನ ಕೊಳವೆಯ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಎಣಿಸುವವರೆಗೆ ಉಜ್ಜಬೇಕು, ಒಣಗಲು ಬಿಡಬೇಕು. ಒಂದನೆಯ ತರಗತಿಯ ಮಗುವೂ ಮಾಡಬಹುದಾದ ಈ ಕೆಲಸವನ್ನು ಕಲಿಸಿ ಕಲಿಸಿ ನನಗೆ, ಸುಳ್ಳೇಕೆ ಹೇಳಲಿ, ಕೊಂಬು ಮೂಡಿತ್ತು.

ತಿತಿಮತಿಯ ಕಾಫಿ ಎಸ್ಟೇಟಿನಲ್ಲಿ ಪಿಕ್ಕಿಂಗ್ ಮಾಡುತ್ತಿದ್ದ ಪಾರ್ವತಕ್ಕನಿಗೆ ಕ್ಯಾನ್ಸರಿನ ಔಷಧಕ್ಕಾಗಿ ಅಂಥ ಕೊಳವೆ ಹಾಕಿದ್ದರು. ಚುಚ್ಚಿಸಿಕೊಂಡು ನರಗಳೆಲ್ಲ ಸೋತ ಮೇಲೆ ಅವರಿಗೆ ಉಳಿದಿದ್ದ ದಾರಿ ಅದು. ರೋಗಿಗೂ ಪಾಠ ಹೇಳುವುದು ನನ್ನ ಪದ್ಧತಿ; ಬೊಂಬೆತೋಳನ್ನು ಮಡಿಲಲ್ಲಿಟ್ಟುಕೊಂಡು, ಕಾಫಿಹಣ್ಣು ಬಿಡಿಸಿ ಒರಟಾದ ಬೆರಳುಗಳಿಂದ ಅವರು ಎಣಿಸುತ್ತ ಉಜ್ಜಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮುಂದೊಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವರಿಗೆ ಔಷಧ ಹಾಕುವಾಗ ನನಗೆ ಬಿಟ್ಟಂಗಾಲದ ನೆಂಟರ ಮನೆಗೆ ಹೋಗುವ ಬಸ್ಸಿನ ಆತುರ. ಕೊಳವೆಯ ಬಾಯನ್ನು ಒಮ್ಮೆ ಒರೆಸಿ ಸಿರಿಂಜು ಹಿಡಿದೆ.

“ಸಿಸ್ಟರೇ, ಹದಿನೈದು ಎಣಿಸ್ಲಿಲ್ವಲ್ಲ,” ಎಂದರು ಪಾರ್ವತಕ್ಕ, ಮೆಲ್ಲಗೆ.

“ನಂಗೇ ಪಾಠ ಹೇಳ್ತೀರಾ?” ಎಂದೆ ನಗುನಗುತ್ತಲೇ. ಕಲಿಯಲು ಬಂದು ಪಕ್ಕದಲ್ಲಿ ನಿಂತಿದ್ದ ನರ್ಸುಗಳೂ ನಕ್ಕರು. ಪಾರ್ವತಕ್ಕ ತೋಳು ಚಾಚಿದರು. ನನಗೆ ಬಸ್ಸು ಸಿಕ್ಕಿತು.

ಎರಡು ದಿನ ಬಿಟ್ಟು ಅವರಿಗೆ ಚಳಿಜ್ವರ. ಸೋಂಕು ಕೊಳವೆಯದೇ ಎಂದು ಗೊತ್ತಾಗಿ ಅದನ್ನು ತೆಗೆದರು. ಕ್ಯಾನ್ಸರಿನ ಔಷಧ ನಿಂತಿತು. ಸೋಂಕು ಯಾರ ಕೈಯಿಂದ ಬಂತೆಂದು ಖಚಿತವಾಗಿ ಹೇಳಲು ಯಾರಿಗೂ ಆಗದು, ಆ ಅನುಮಾನದ ಮರೆಯಲ್ಲಿ ನಾನು ವಾರವಿಡೀ ಅಡಗಿ ಕುಳಿತೆ. ಡಾಕ್ಟರು ಎಲ್ಲರನ್ನೂ ವಿಚಾರಿಸಿದಾಗಲೂ ಬಾಯಿ ಬಿಡಲಿಲ್ಲ. ನಾಚಿಕೆಗೇಡು ಎಂದರೆ ಇದೇ. ಕಡೆಗೆ ತಡೆಯಲಾರದೆ ಡಾಕ್ಟರಿಗೆ ನಿಜ ಹೇಳಿ, ಪಾರ್ವತಕ್ಕನ ಹಾಸಿಗೆಯ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಬಿಡಿ ಸಿಸ್ಟರೇ, ನಾನೇ ಇನ್ನೊಂದ್ಸಲ ಹೇಳ್ಬೇಕಿತ್ತು,” ಎಂದು ಅವರು ತಮ್ಮನ್ನೇ ದೂರಿಕೊಂಡರು.

ಇನ್ನೊಂದು ಸಲ ಹೇಳದಂತೆ ಅವರ ಬಾಯಿ ಮುಚ್ಚಿಸಿದವಳು ನಾನಲ್ಲವೇ? ಕೆಲವು ವಾರಗಳ ನಂತರ ಇನ್ನೊಂದು ತೋಳಿಗೆ ಹೊಸ ಕೊಳವೆ ಹಾಕಿದಾಗ, “ನೀವೇ ಗಟ್ಟಿಯಾಗಿ ಎಣಿಸಿ ಅಕ್ಕ,” ಎಂದು ಕೇಳಿಕೊಂಡೆ. ಅವರ ತುಟಿ ಅಲುಗಿತು, ದನಿ ಹೊರಡಲಿಲ್ಲ.

ಈಗ ತರಗತಿಯಲ್ಲಿ ಬೊಂಬೆತೋಳನ್ನು ಮೇಜಿನ ಮೇಲಿಟ್ಟು ಮೊದಲು ಈ ಕಥೆಯನ್ನೇ ಹೇಳುತ್ತೇನೆ. ಆಮೇಲೆ ಎಣಿಸುತ್ತ ಉಜ್ಜುತ್ತೇನೆ. ಹದಿನೈದು ಮುಟ್ಟುವವರೆಗೂ ತಲೆಯೆತ್ತಿ ಯಾರ ಮುಖವನ್ನೂ ನೋಡಲು ನನ್ನಿಂದಾಗುವುದಿಲ್ಲ.