ಕಿಟಕಿಯಲ್ಲಿಟ್ಟ ಅನ್ನ

ಈ ವಾರ ನನಗೆ ಖುಷಿ ತಡೆಯಲಾಗುತ್ತಿಲ್ಲ. ತರಕಾರಿಯವನಿಗೆ ಹೇಳಿಯಾಯಿತು, ನೀರು ಬಿಡುವವನಿಗೆ ಹೇಳಿಯಾಯಿತು, ಕೆಳಗಿನ ಮನೆಯ ಮರಾಠಿ ಮುದುಕಿಗೆ ಮೂರು ಸಲ ಹೇಳಿಯಾಯಿತು. ಇನ್ನು ಹೇಳಲು ಜನ ಉಳಿಯಲಿಲ್ಲವೆಂದು ಬರೆಯಲು ಕೂತಿದ್ದೇನೆ. ಊರಿನ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನ ತನಕ ಕಲಿತವಳು ನಾನು. ಅಂದ ಚಂದ ನೋಡಬೇಡಿ. ಖುಷಿಯ ಸಂಗತಿ ಹೇಳಬೇಕಾದರೆ ಅದರ ಹಿಂದಿನದ್ದನ್ನೂ ಹೇಳಬೇಕು. ಹಿಂದಿನದ್ದೆಲ್ಲ ಕತ್ತಲೆಯೇ.

ನಾವು ಮುಂಬಯಿ ಪಕ್ಕದ ತುರ್ಭೆಯಲ್ಲಿ ಇರುವವರು. ಮಗ ನೆರೂಳದ ಒಂದು ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂರುತ್ತಾನೆ. ಸೊಸೆ ಠಾಣೆಯ ಒಂದು ಕಚೇರಿಗೆ ಲೋಕಲ್ ಹಿಡಿದು ಹೋಗುತ್ತಿದ್ದಳು. ಮೊಮ್ಮಗಳು ಎರಡನೆಯ ಕ್ಲಾಸು. ಅವಳ ಶಾಲೆ ನಮ್ಮ ಗಲ್ಲಿ ದಾಟಿದರೆ ಸಿಗುತ್ತದೆ. ಕರೆದುಕೊಂಡು ಹೋಗುವುದು, ತರುವುದು ನನ್ನ ಕೆಲಸ.

ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ತಾಯಿ ತಂದೆಯರನ್ನೆಲ್ಲ ಕರೆದಿದ್ದರು. ಸೊಸೆಯ ಜೊತೆ ನಾನೂ ಹೋಗಿದ್ದೆ. ಹೆಡ್‌ಮೇಡಂ ಎದ್ದು ನಿಂತು ಹಿಂದಿಯಲ್ಲಿ ಹೇಳಿದರು: ಇನ್ನು ಈ ಶಾಲೆಯಲ್ಲಿ ಹೊಡೆಯುವುದಿಲ್ಲ, ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ. ಒಳ್ಳೆಯದು ಮಾಡಿದ ಮಕ್ಕಳನ್ನು ಹೊಗಳುತ್ತೇವೆ, ಹೊಗಳಿ ಹೊಗಳಿಯೇ ಎಲ್ಲರನ್ನೂ ದಾರಿಗೆ ತರುತ್ತೇವೆ. ಒಂದರಿಂದ ನಾಲ್ಕರ ತನಕ ಪ್ರತಿ ಕ್ಲಾಸಿನ ಹೊರಗೆ ಗೋಡೆಯ ಮೇಲೆ ಒಂದೊಂದು ಬೋಳು ಮರ ಬರೆಸಿದ್ದರು. ಸಾಲಿನಲ್ಲಿ ನಿಂತವರು, ಬಿದ್ದವರನ್ನು ಎಬ್ಬಿಸಿದವರು, ಡಬ್ಬಿಯ ಊಟ ಚೆಲ್ಲದೆ ಉಂಡವರು, ಎಲ್ಲರ ಹೆಸರಿನಲ್ಲೂ ಹಸಿರು ಕಾಗದದ ಎಲೆ ಅಂಟಿಸುತ್ತಾರೆ. ದೀಪಾವಳಿಯ ರಜೆಯ ಮೊದಲು ಮರ ತುಂಬಿದ ಕ್ಲಾಸಿಗೆ ಪಿಕ್ನಿಕ್. ಯಾರಾದರೂ ಕೆಟ್ಟದ್ದು ಮಾಡಿದರೆ ಆ ಕ್ಲಾಸಿನ ಮರದಿಂದ ಒಂದು ಎಲೆ ಕಿತ್ತು ತೆಗೆಯುತ್ತಾರೆ. ಈ ಕೊನೆಯ ಮಾತಿಗೂ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ನನ್ನ ಮೊಮ್ಮಗಳಿಗೆ ಬೇಗನೆ ಒಂದು ಎಲೆ ಸಿಕ್ಕಿತು. ಒಂದನೆಯ ಕ್ಲಾಸಿನ ಒಂದು ಮಗುವಿನ ಬೂಟಿನ ದಾರ ಕಟ್ಟಿದ್ದಳಂತೆ. ಸೊಸೆ ಕಚೇರಿಗೆ ತಡವಾದರೂ ಪರವಾಗಿಲ್ಲವೆಂದು ಗೇಟಿನೊಳಗೆ ಹೋಗಿ ಅದರ ಫೋಟೋ ತೆಗೆದುಕೊಂಡು ಬಂದಳು.

"ನೋಡಿ ಅತ್ತೆ, ನಿಮ್ಮ ಪುಳ್ಳಿಯ ಹೆಸರು ಗೋಡೆಯಲ್ಲಿ ಉಂಟು."

"ನನ್ನ ಪುಳ್ಳಿ ಅಲ್ವಾ, ಮತ್ತೆ ಯಾರದ್ದು ಇರ್ಬೇಕು?" ಎಂದೆ ನಾನು.

ಮಳೆ ಜೋರಾದ ದಿನಗಳು. ಒಂದು ಬೆಳಿಗ್ಗೆ ಸೊಸೆ ಜನ ತುಂಬಿದ ಲೋಕಲ್ ಗಾಡಿಯ ಬಾಗಿಲಿನಿಂದ ಬಿದ್ದಳು. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈ ಏಳುವುದಿಲ್ಲ. ಸಂಜೆ ಅವಳ ಚೀಲ ಮನೆಗೆ ಬಂತು. ಚೀಲದೊಳಗೆ ಡಬ್ಬಿ ಇತ್ತು. ಬೆಳಿಗ್ಗೆ ನಾನೇ ಕಟ್ಟಿಕೊಟ್ಟ ಅನ್ನ, ತೊಂಡೆಕಾಯಿ ಪಲ್ಯ, ಮುಚ್ಚಳ ಹಾಕಿದ್ದು ಹಾಕಿದ ಹಾಗೆಯೇ. ನನಗೆ ಬುದ್ಧಿ ನಿಲ್ಲಲಿಲ್ಲ. ಎದೆ ಬಡಿದುಕೊಂಡು, "ಅಯ್ಯೋ, ಹಸಿದುಕೊಂಡೇ ಹೋದಳಲ್ಲ ನನ್ನ ಮಗಳು, ಹಸಿದುಕೊಂಡೇ ಹೋದಳಲ್ಲ" ಎಂದು ಕೂಗಿದೆ. ಮಗು ಬಾಗಿಲ ಪರದೆ ಹಿಡಿದುಕೊಂಡು ನಿಂತಿತ್ತು. ಅಳಲಿಲ್ಲ.

ನಮ್ಮಲ್ಲಿ ಸತ್ತವರಿಗೆ ಕಾರ್ಯ ಮುಗಿಯುವ ತನಕ ಎಡೆ ಇಡುತ್ತಾರೆ. ಮಾಡಿದ ಅಡುಗೆಯಲ್ಲಿ ಒಂದು ತುತ್ತು ಮೊದಲು ಅವರಿಗೆ, ಆಮೇಲೆ ನಮಗೆ. ಊರಿನಲ್ಲಾದರೆ ಅಂಗಳ ಉಂಟು. ಇಲ್ಲಿ ಅಡುಗೆ ಕಿಟಕಿಯ ಸರಳಿನ ಹೊರಗೆ ತಗಡಿನ ಮೇಲೆ ಇಡುತ್ತಿದ್ದೆ. ಕಾಗೆ ಬಂದು ಮುಟ್ಟಿದರೆ ಸತ್ತವರು ಉಂಡ ಹಾಗೆ. ಮಗು ನನ್ನ ಪಕ್ಕದಲ್ಲೇ ಕಾಯುತ್ತಿತ್ತು. ಕಾಗೆ ಬರುವ ತನಕ ಒಂದು ಅಗುಳು ಬಾಯಿಗೆ ಹಾಕುತ್ತಿರಲಿಲ್ಲ. ಕಾರ್ಯ ಮುಗಿಯಿತು, ನೆಂಟರು ಹೋದರು. ಆಮೇಲೆ ದಿನವೂ ಎಡೆ ಇಡಬಾರದು, ಹೋದವರನ್ನು ಹಗ್ಗ ಹಾಕಿ ಕಟ್ಟಿದ ಹಾಗಾಗುತ್ತದೆ ಎನ್ನುತ್ತಾರೆ. ಆದರೆ ಎಡೆ ಇಡದಿದ್ದರೆ ಮಗು ಊಟಕ್ಕೆ ಕೂರುವುದಿಲ್ಲ. ಹೇಗಾದರೂ ಉಣ್ಣಲಿ ಎಂದು ನಾನು ಇಡುತ್ತಲೇ ಹೋದೆ.

ಶಾಲೆಗೆ ಮತ್ತೆ ಹೋಗತೊಡಗಿದ ಮೇಲೆ ಮಗು ಸಪ್ಪಗೆ ಮನೆಗೆ ಬರುತ್ತಿತ್ತು. ಒಂದು ದಿನ ಗೇಟಿನ ಹತ್ತಿರ ಮಕ್ಕಳು ಹೊರಗೆ ಬರುವಾಗ ಒಂದು ಗುಂಪು ಅವಳನ್ನು ನೋಡಿ ಕೈ ರೆಕ್ಕೆ ಮಾಡಿಕೊಂಡು ಕೂಗಿತು.

"ಕಾವ್ ಕಾವ್! ಏ, ಕಾವಳಾ ಆಲಾ!"

ಕಾವಳಾ ಎಂದರೆ ಮರಾಠಿಯಲ್ಲಿ ಕಾಗೆ. ನಾನು ಮಗುವಿನ ಕೈ ಎಳೆದುಕೊಂಡೆ. ಆಗ ಅದೇ ಕ್ಲಾಸಿನ ಒಬ್ಬ ಹುಡುಗನ ತಾಯಿ ನನ್ನನ್ನು ತಡೆದು ನಿಲ್ಲಿಸಿದಳು. ಹಿಂದಿಯಲ್ಲಿ ಮಾತಾಡುವವಳು, ಬಾಯಿ ಜೋರು.

"ಮಾಜೀ, ಮೊಮ್ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ. ಊಟ ಎಲ್ಲ ಕಿಟಕಿಗೆ ಎಸೀತಾಳಂತೆ. ಕಾಗೆ ಕ್ಲಾಸಿನೊಳಗೆ ಬರ್ತದೆ, ಮಕ್ಕಳು ಕಿರುಚ್ತಾವೆ, ಎಲೆ ಕೀಳ್ತಾರೆ. ನನ್ನ ಮಗ ಗಳಿಸಿದ ಎಲೆ ಇವಳು ಉದುರಿಸ್ತಾಳೆ. ಪಿಕ್ನಿಕ್ ಹೋಯ್ತು ಅಂತ ಮನೆಯಲ್ಲಿ ಅಳ್ತಾನೆ."

ನನಗೆ ಸಿಟ್ಟು ಬಂತು. "ನಿಮ್ಮ ಮಗ ಪಿಕ್ನಿಕ್ಕಿಗೆ ಅಳ್ತಾನಲ್ಲ, ಅವನ ಪುಣ್ಯ" ಎಂದು ಕನ್ನಡದಲ್ಲೇ ಹೇಳಿ ಬಂದುಬಿಟ್ಟೆ. ಮನೆಗೆ ಬಂದ ಮೇಲೆ ಮಗುವಿಗೇ ಬೈದೆ. ಅನ್ನ ಎಸೆಯುವುದನ್ನು ಯಾರು ಕಲಿಸಿದ್ದು ನಿನಗೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ತಿಳಿಯಲಿಲ್ಲ.

ಮರುದಿನದಿಂದ ಶಾಲೆಗೆ ಹೋಗುವುದಿಲ್ಲ ಎಂದು ಹಟ. ಬೂಟು ಮಂಚದಡಿ ಅಡಗಿಸುವುದು, ಹೊಟ್ಟೆನೋವು ಎನ್ನುವುದು, ಎತ್ತಿಕೊಂಡು ಹೋದರೆ ಗೇಟಿನ ಸರಳು ಹಿಡಿದು ಬಿಡದೆ ನಿಲ್ಲುವುದು. "ಅಜ್ಜೀ, ನಹೀ ಜಾನಾ ಮುಝೆ, ನಹೀ ಜಾನಾ" ಎಂದು ಅಂಗಲಾಚುತ್ತಿದ್ದಳು. ವಾಚ್‌ಮನ್ ಬೆರಳು ಬಿಡಿಸಲು ಬಂದಾಗ ನನಗೆ ನೋಡಲಾಗದೆ ಮನೆಗೆ ವಾಪಸು ಕರೆತಂದೆ. ಹೀಗೆ ಎಷ್ಟೋ ದಿನ. ಕೊನೆಗೆ ಶಾಲೆಯಿಂದ ಮಗನಿಗೆ ಫೋನ್ ಬಂತು. ಮಗುವನ್ನು ಸ್ವಲ್ಪ ಕಾಲ ಮನೆಯಲ್ಲೇ ಇಟ್ಟುಕೊಳ್ಳುವುದೋ ಬೇರೆ ಕಡೆ ಸೇರಿಸುವುದೋ, ಬಂದು ಮಾತಾಡಿ ಎಂದರಂತೆ.

ಮಗ ಊಟದ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕೂತ. "ಅಮ್ಮ, ಊರಿಗೆ ಕಳಿಸುವ. ಅಕ್ಕನ ಹತ್ರ ಇರ್ಲಿ. ಅಲ್ಲಿ ಶಾಲೆ ಉಂಟು."

"ತಾಯಿ ಹೋದ ಮೇಲೆ ತಂದೆಯೂ ಬೇಡ ಅಂತಲಾ ಅದಕ್ಕೆ?"

"ನಾನೆಂತ ಮಾಡ್ಲಿ ಹೇಳು. ಹೋಟ್ಲು ಬಿಟ್ಟು ಗೇಟಲ್ಲಿ ಕೂತ್ಕೊಳ್ಲಾ?"

ಅವನ ಕಣ್ಣಲ್ಲಿ ನೀರು. ಒಳಗಿನ ಕೋಣೆಯಲ್ಲಿ ಮಗು ಎದ್ದಿತ್ತು, ಎಲ್ಲ ಕೇಳಿಸಿಕೊಂಡಿತ್ತು. ಬೆಳಿಗ್ಗೆ ನೋಡಿದರೆ ತನ್ನ ಫ್ರಾಕುಗಳನ್ನು ಮಡಚಿ ಶಾಲೆಯ ಚೀಲಕ್ಕೆ ತುಂಬಿಸಿಟ್ಟಿತ್ತು. ಹೋಗೆಂದರೆ ಹೋಗಿಬಿಡುವ ಮಗು ಅದು. ನಾನು ಆ ಫ್ರಾಕುಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟೆ.

ಶಾಲೆಗೆ ನಾನೂ ಬರುತ್ತೇನೆಂದು ಮಗನ ಜೊತೆ ಹೋದೆ. ಹೆಡ್‌ಮೇಡಂ ಕೆಟ್ಟವರಲ್ಲ. ಕೂರಿಸಿದರು, ನೀರು ಕೊಟ್ಟರು. ತಾಯಿ ಹೋದದ್ದು ಗೊತ್ತು, ಅದಕ್ಕೇ ಇಷ್ಟು ದಿನ ತಡೆದುಕೊಂಡೆವು ಎಂದರು. ದಿನವೂ ಊಟ ಎಸೆಯುತ್ತಾಳೆ, ಕಾಗೆ ಬಂದು ಒಂದು ಮಗುವಿನ ಕೆನ್ನೆ ಪರಚಿತು, ಉಳಿದ ತಾಯಂದಿರಿಗೆ ನಾನು ಏನು ಹೇಳಲಿ ಎಂದರು. ಪಕ್ಕದಲ್ಲಿ ಎರಡನೆಯ ಕ್ಲಾಸಿನ ಟೀಚರು ನಿಂತಿದ್ದಳು. ಮರಾಠಿಯವಳು, ಸಣ್ಣ ಪ್ರಾಯ.

"ಎಸೆಯುವುದಿಲ್ಲ ಮೇಡಂ" ಎಂದಳು ಅವಳು ಮೆಲ್ಲಗೆ. "ಇಡ್ತಾಳೆ. ಡಬ್ಬಿ ತೆಗೆದ ಕೂಡ್ಲೆ ಮುಚ್ಚಳದಲ್ಲಿ ಸ್ವಲ್ಪ ಅನ್ನ, ಸ್ವಲ್ಪ ಪಲ್ಯ ಹಾಕಿ ಕಿಟಕಿಯಲ್ಲಿ ಇಡ್ತಾಳೆ. ಕಾಗೆ ಬರುವ ತನಕ ತಾನು ತಿನ್ನುವುದಿಲ್ಲ. ಗಂಟೆ ಹೊಡೆದ್ರೆ ಹಾಗೇ ಮುಚ್ಚಿ ಇಡ್ತಾಳೆ."

ನಾನು ಮಗನ ತೋಳು ಗಟ್ಟಿಯಾಗಿ ಹಿಡಿದೆ. ಅವನಿಗೂ ಗೊತ್ತಾಯಿತು. ಮನೆಯ ಕಿಟಕಿಯಲ್ಲಿ ನಾನು ಮಾಡುತ್ತಿದ್ದುದನ್ನೇ ಮಗು ಶಾಲೆಯ ಕಿಟಕಿಯಲ್ಲಿ ಮಾಡುತ್ತಿತ್ತು. ನನಗೆ ಬರುವ ಹಿಂದಿ ಮರಾಠಿ ಎಲ್ಲ ಕಲಸಿ ಹೇಳಿದೆ, ಎಡೆಯ ಸಂಗತಿ, ಮುಚ್ಚಿದ್ದ ಡಬ್ಬಿಯ ಸಂಗತಿ. ಟೀಚರು ನನ್ನ ಹತ್ತಿರ ಬಂದು ಕೂತು, "ಆಜಿ, ಆಮ್ಚ್ಯಾಕಡೆ ಪಣ್ ಅಸಂಚ್" ಎಂದಳು. ನಮ್ಮಲ್ಲಿಯೂ ಹೀಗೆಯೇ ಎಂದು. ಅವಳ ಅಪ್ಪ ಹೋದಾಗ ಪಿಂಡವನ್ನು ಕಾಗೆ ಮುಟ್ಟದೆ ಮಧ್ಯಾಹ್ನದ ತನಕ ಕಾದಿದ್ದರಂತೆ. "ದಿನಾ ನೋಡಿದೆ, ನನ್ನ ತಲೆಗೆ ಹೋಗಲಿಲ್ಲ" ಎಂದು ಕಣ್ಣೊರೆಸಿಕೊಂಡಳು.

ಹೆಡ್‌ಮೇಡಂ ಎದ್ದು, ಬನ್ನಿ ಎಂದು ನಮ್ಮನ್ನೂ ಕರೆದರು. ಆಮೇಲೆ ಹೊರಗೆ ಹೋಗಿ ಎರಡನೆಯ ಕ್ಲಾಸಿನ ಮರದ ಮುಂದೆ ನಿಂತರು. ಉಳಿದ ಮರಗಳೆಲ್ಲ ಹಸಿರಾಗಿದ್ದವು. ಇದರಲ್ಲಿ ಎಲೆಗಿಂತ ಅಂಟಿನ ಕಲೆಯೇ ಹೆಚ್ಚು.

"ಇನ್ನು ಯಾವ ಕ್ಲಾಸಿನಲ್ಲೂ ಎಲೆ ಕೀಳುವುದು ಬೇಡ" ಎಂದರು ಟೀಚರಿಗೆ. "ಕೊಟ್ಟದ್ದು ಕೊಟ್ಟ ಹಾಗೆ ಇರಲಿ." ನನ್ನ ಕಡೆ ತಿರುಗಿ, "ಆದರೆ ಮಾಜೀ, ಕಿಟಕಿಯಲ್ಲಿ ಊಟ ಇಡಲು ನಾನು ಬಿಡಲಾರೆ. ಮಕ್ಕಳ ಕಣ್ಣಿಗೆ ಕುಕ್ಕಿದರೆ? ಅದನ್ನು ನಾವು ಹೇಳಿದರೆ ಅವಳು ಕೇಳುವುದಿಲ್ಲ. ನೀವೇ ಹೇಳಬೇಕು" ಎಂದರು.

ಹೇಳಬೇಕು. ಏನೆಂದು? ನಿನ್ನ ಅಮ್ಮನಿಗೆ ಇನ್ನು ಅನ್ನ ಇಡಬೇಡ ಎಂದೇ?

ಸಂಜೆ ಮಗುವನ್ನು ಹತ್ತಿರ ಕೂರಿಸಿಕೊಂಡು, "ಪುಟ್ಟಿ, ಇನ್ನು ಶಾಲೆಯಲ್ಲಿ ಅಮ್ಮನಿಗೆ ಇಡುವುದು ಬೇಡ" ಎಂದೆ.

"ಫಿರ್ ಅಮ್ಮ ಭೂಕೀ ರಹೇಗಿ" ಎಂದಳು ಕೂಡಲೇ. ಅಮ್ಮ ಹಸಿದಿರುತ್ತಾಳೆ ಎಂದು. "ನೀನೇ ಹೇಳಿದ್ದಲ್ವಾ, ಹಸಿದುಕೊಂಡು ಹೋದಳು ಅಂತ?"

ನನ್ನ ಆ ಒಂದು ಕೂಗನ್ನು ಈ ಮಗು ಇಷ್ಟು ದಿನ ಹೊತ್ತುಕೊಂಡು ಶಾಲೆಗೆ ಹೋಗುತ್ತಿತ್ತು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

"ಇಲ್ಲ ಮಗಾ. ಅದು ಅಜ್ಜಿ ಸಂಕಟಕ್ಕೆ ಹೇಳಿದ್ದು. ಅಮ್ಮ ಆ ದಿನ ತಿಂದೇ ಹೋದದ್ದು."

"ಎಂತ ತಿಂದಳು?"

"ನೀರುದೋಸೆ. ನಾನೇ ಹೊಯ್ದು ಕೊಟ್ಟದ್ದು."

"ಎಷ್ಟು?"

"ಎರಡು ತಿಂದಳು, ಮೂರನೆಯದ್ದು ಮಡಚಿ ಕೈಯಲ್ಲಿ ಹಿಡ್ಕೊಂಡು ಮೆಟ್ಟಿಲು ಇಳಿದಳು."

"ಚಟ್ನಿಯಾ?"

"ಕಾಯಿ ಬೆಲ್ಲ. ಅವಳಿಗೆ ಅದೇ ಅಲ್ವಾ ಬೇಕಾದ್ದು."

"ಚಾ ಕುಡಿದಳಾ?"

"ಅರ್ಧ ಕುಡಿದಳು. ಗಾಡಿ ತಪ್ಪುತ್ತದೆ ಅಂತ ಓಡಿದಳು."

"ಅರ್ಧ ಯಾಕೆ?" ಎಂದು ನನ್ನನ್ನೇ ಗದರಿಸಿದಳು. "ಪೂರಾ ಕೊಡ್ಬೇಕಲ್ವಾ!"

ಹಾಗೆ ಗದರಿಸುತ್ತಿದ್ದಂತೆಯೇ ಅವಳ ತುಟಿ ಸೊಟ್ಟಗಾಯಿತು. ತಾಯಿ ಹೋದ ಮೇಲೆ ಮೊದಲ ಸಲ ಮಗು ಅತ್ತಿತು. ನೆಲದ ಮೇಲೆ ಹೊರಳಿ ಅತ್ತಿತು. ಕೆಳಗಿನ ಮನೆಯ ಮುದುಕಿ ಏನಾಯಿತೆಂದು ಓಡಿ ಬಂದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಜೊತೆಗೆ ನಾನೂ ಅತ್ತೆ. ಆ ದಿನ ಕಿಟಕಿಯ ಹೊರಗೆ ಏನೂ ಇಡಲಿಲ್ಲ. ಕಾಗೆ ಬಂದು ಸರಳಿನ ಮೇಲೆ ಕೂತು ಕೂಗಿತು. ಮಗು ಒಮ್ಮೆ ಅದನ್ನು ನೋಡಿತು, ನನ್ನನ್ನು ನೋಡಿತು, ಬಟ್ಟಲು ಹತ್ತಿರ ಎಳೆದುಕೊಂಡಿತು.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಮರುದಿನವೂ ಅವಳು ಗೇಟಿನ ಸರಳು ಹಿಡಿದಳು. ಮಕ್ಕಳು ಕಾವ್ ಕಾವ್ ಎಂದರು. ಟೀಚರು ಹೊರಗೆ ಬಂದು, ಸರಳು ಹಿಡಿದಿದ್ದ ಕೈಯ ಮೇಲೆ ತನ್ನ ಕೈ ಇಟ್ಟು, ಬಿಡಿಸದೆ, ಅವಳಾಗಿಯೇ ಬಿಡುವ ತನಕ ನಿಂತಳು. ಊಟದ ಹೊತ್ತಿಗೆ ತನ್ನ ಡಬ್ಬಿ ತಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದಳಂತೆ. ಕೆಲವು ದಿನ ಮಗು ಉಂಡಿತು, ಕೆಲವು ದಿನ ಇಲ್ಲ. ಮಗ ಊರಿನ ಅಕ್ಕನಿಗೆ ಫೋನ್ ಮಾಡಿ, "ಈಗ ಬೇಡ, ಸ್ವಲ್ಪ ನೋಡುವ" ಎಂದ. ಸ್ವಲ್ಪ ನೋಡುವ ಎನ್ನುವುದರ ಮೇಲೆ ನಾವು ಮೂರು ಜನ ಉಸಿರು ಹಿಡಿದು ಬದುಕಿದೆವು.

ಟೀಚರು ಕ್ಲಾಸಿನಲ್ಲಿ ಇನ್ನೊಂದು ಕ್ರಮ ತಂದಳು. ಸಂಜೆ ಗಂಟೆ ಹೊಡೆಯುವ ಮೊದಲು, ಇವತ್ತು ಯಾರಿಗೆ ಎಲೆ ಕೊಡಬೇಕು ಎಂದು ಮಕ್ಕಳನ್ನೇ ಕೇಳುವುದು. ತನ್ನ ಹೆಸರು ಹೇಳುವ ಹಾಗಿಲ್ಲ, ಬೇರೆಯವರದ್ದು ಹೇಳಬೇಕು, ಯಾಕೆಂದೂ ಹೇಳಬೇಕು. ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ಮರೆತಿದ್ದ ನನ್ನ ಮೊಮ್ಮಗಳು ಈ ಸೋಮವಾರ ಎದ್ದು ನಿಂತಳಂತೆ. ಗೇಟಿನಲ್ಲಿ ನನ್ನನ್ನು ತಡೆದ ಆ ಹೆಂಗಸಿನ ಮಗನ ಕಡೆ ಬೆರಳು ಮಾಡಿ, "ಇವನಿಗೆ ಕೊಡಿ. ನನಗೆ ಕಾಗೆ ಅಂತ ಎಲ್ಲರಿಗಿಂತ ಜೋರಾಗಿ ಇವನೇ ಕರೆದದ್ದು. ಇವತ್ತು ಅರ್ಧ ಲಾಡು ಕೊಟ್ಟ. ದೊಡ್ಡ ಅರ್ಧ" ಎಂದಳಂತೆ. ಕ್ಲಾಸೆಲ್ಲ ನಕ್ಕಿತಂತೆ. ಇವಳೂ ನಕ್ಕಳು ಎಂದು ಟೀಚರು ನನ್ನ ಕೈ ಹಿಡಿದು ಹೇಳಿದಳು. ನಕ್ಕಳು! ನಾನು ರಸ್ತೆಯಲ್ಲೇ ಟೀಚರ ಕೆನ್ನೆ ಸವರಿ ಲಟಿಕೆ ಮುರಿದೆ.

ಎರಡನೆಯ ಕ್ಲಾಸಿನ ಮರ ಇನ್ನೂ ಅರೆಬೋಳು, ಪಿಕ್ನಿಕ್ಕು ನಾಲ್ಕನೆಯ ಕ್ಲಾಸಿಗೇ ಹೋಗುತ್ತದೆ. ಹೋಗಲಿ. ನಿನ್ನೆ ಬೆಳಿಗ್ಗೆ ಗೇಟಿನ ಹತ್ತಿರ ಮಗು ನನ್ನ ಕೈ ಬಿಟ್ಟು ಒಳಗೆ ಹೋಯಿತು. ನಾನು ಅಭ್ಯಾಸದಿಂದ ಅಲ್ಲೇ ನಿಂತಿದ್ದೆ. ಮೆಟ್ಟಿಲ ಮೇಲಿನಿಂದ ತಿರುಗಿ, ಸೊಂಟಕ್ಕೆ ಕೈ ಇಟ್ಟು ಕೂಗಿದಳು.

"ಅಜ್ಜೀ, ಜಾವೋ ನಾ, ಮನೆಗೆ ಹೋಗು! ರೋಜ್ ರೋಜ್ ಎಂತ ನೋಡ್ತೀ? ಎಲ್ಲರೂ ನಗ್ತಾರೆ!"

ನನಗೆ ಕಣ್ಣು ಮಂಜಾಯಿತು. ಲಾಡು ಕೊಟ್ಟ ಹುಡುಗನ ತಾಯಿ ಪಕ್ಕದಲ್ಲಿದ್ದಳು. "ಕ್ಯಾ ಹುವಾ ಮಾಜೀ, ರೋತೀ ಕ್ಯೂಂ ಹೋ?" ಎಂದು, ಯಾಕೆ ಅಳುತ್ತೀರೆಂದು ಗಾಬರಿಯಿಂದ ನನ್ನ ಭುಜ ಹಿಡಿದಳು.

"ಬೈದಳು ಮಾರಾಯ್ತಿ, ನನ್ನ ಪುಳ್ಳಿ ನನಗೆ ಬೈದಳು" ಎಂದೆ. ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ಇನ್ನೊಮ್ಮೆ ಹೇಳಿದೆ.