ಕಿಟಕಿ ಕಂಬಿಗಳ ಕ್ಲಾಸು

ಆ ಬೆಳಗೂ ಎಂದಿನಂತೆಯೇ ಇತ್ತು. ಇವರು ಡಬ್ಬಿ ಹಿಡಿದು, ಫೋರ್ಟಿನ ಆಫೀಸಿಗೆಂದು ಲೋಕಲ್ ಟ್ರೇನ್ ಹತ್ತಲು ಓಡಿದ್ದರು. ಮಲಾಡಿನ ನಮ್ಮ ಪುಟ್ಟ ಅಡುಗೆಮನೆಯಲ್ಲಿ ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ರಜೆಯಲ್ಲಿದ್ದ ಎಂಟು ವರ್ಷದ ಮಗಳು ಅನ್ವಿ ರೂಮಿನೊಳಗಿಂದ ಗದರಿದಳು: "ಸೈಲೆನ್ಸ್! ಯಾರದು ಟಾಕಿಂಗ್?"

ಟೀಚರ್ ಆಟ. ನೀವೂ ಆಡಿರುತ್ತೀರಿ. ಚಿಕ್ಕವಳಿದ್ದಾಗ ಮಾಟುಂಗದ ಮನೆಯಲ್ಲಿ ನನಗೆ ಕಿಟಕಿಯ ಕಂಬಿಗಳೇ ವಿದ್ಯಾರ್ಥಿಗಳು. ನಮ್ಮ ಕಾನ್ವೆಂಟಿನ ಸಿಸ್ಟರ್ ಥರವೇ ಸ್ಕೇಲು ಹಿಡಿದು ಪಾಠ ಮಾಡುತ್ತಿದ್ದೆ. ಕೊನೆಯ ಕಂಬಿ ಸ್ವಲ್ಪ ಸೊಟ್ಟಗಿತ್ತು. ಅದೇ ದಡ್ಡ ಎಂದು ತೀರ್ಮಾನಿಸಿ ಏಟೆಲ್ಲ ಅದಕ್ಕೇ ಕೊಡುತ್ತಿದ್ದೆ. "ಪಾಪ ಕಣೇ, ಅದೇನು ಮಾಡ್ತು ನಿಂಗೆ?" ಎಂದು ಅಮ್ಮ ನಗುತ್ತಿದ್ದಳು.

ಅದನ್ನೇ ನೆನೆಯುತ್ತಿದ್ದ ನನ್ನ ಕೈ ನಿಂತಿತು. ಅನ್ವಿ ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು, ಒಂದು ಉತ್ತರಕ್ಕೆ ಬೇಕಾಗುವಷ್ಟು ಹೊತ್ತು. ಆಮೇಲೆ ನಗುತ್ತಿದ್ದಳು. ಕಂಬಿಗಳು ನನ್ನನ್ನು ಒಮ್ಮೆಯೂ ನಗಿಸಿರಲಿಲ್ಲ.

ಸದ್ದಿಲ್ಲದೆ ಹೋಗಿ ಬಾಗಿಲಲ್ಲಿ ನಿಂತೆ. ಅವಳ ಬೆನ್ನು ನನ್ನ ಕಡೆಗೆ. ಆಡಲೆಂದು ಕೊಟ್ಟಿದ್ದ ನನ್ನ ಹಳೆಯ ಫೋನು ಪೌಡರ್ ಡಬ್ಬಕ್ಕೆ ಒರಗಿತ್ತು. ಪರದೆಯ ಮೂಲೆಯಲ್ಲಿ 'ಲೈವ್' ಎಂದಿತ್ತು, ಅವಳದೇ ಮುಖದ ಮೇಲೆ ಕೆಂಪು ಹೃದಯಗಳು ತೇಲುತ್ತಿದ್ದವು. ಅಷ್ಟರಲ್ಲಿ ಹಿಂದಿಯಲ್ಲಿ ಒಂದು ಸಾಲು ಮೂಡಿತು: 'ಟೀಚರ್, ನಿಮ್ಮ ಮಮ್ಮಿ ಹಿಂದೆ ನಿಂತಿದ್ದಾರೆ.'

ಅನ್ವಿ ತಿರುಗಿ ನೋಡಿದ್ದು ಅದನ್ನು ಓದಿದ ಮೇಲೆ.

ನನ್ನ ಶಿಸ್ತು ನೋಡಿ: ಮೊದಲು ನೈಟಿಯ ಮೇಲೆ ಹೊದೆಯಲು ದುಪಟ್ಟಾ ಹುಡುಕಿದೆ. ಆಮೇಲೆ ಫೋನು ಕಿತ್ತುಕೊಂಡೆ.

"ಅಮ್ಮಾ! ಬೈ ಹೇಳದೆ ಹೋಗಬಾರದು ಅಂತ ನೀನೇ ಹೇಳಿದ್ದಲ್ವಾ? ದೇ ಆರ್ ಮೈ ಸ್ಟೂಡೆಂಟ್ಸ್!"

ಆ ಆ್ಯಪಿನಲ್ಲಿ ಅಕೌಂಟ್ ಮಾಡುವಾಗ ಹುಟ್ಟಿದ ದಿನ ಕೇಳಿದ್ದಕ್ಕೆ ಅವಳು ನನ್ನದನ್ನು ಕೊಟ್ಟಿದ್ದಳು. ಅಲ್ಲಿ ಅವಳಿಗೆ ನನ್ನಷ್ಟೇ ವಯಸ್ಸು. ಹಳೆಯ ಕ್ಲಾಸುಗಳನ್ನು ನೋಡುತ್ತ ಹೋದೆ. ಬಾಲ್ಕನಿಯಲ್ಲಿ ಒಂದು, ಲಿಫ್ಟಿನಲ್ಲಿ ಒಂದು, ನಮ್ಮ ಹೌಸಿಂಗ್ ಸೊಸೈಟಿಯ ಹೆಸರಿರುವ ಗೇಟಿನ ಮುಂದೆ ಟಾಟಾ ಮಾಡುತ್ತ ಇನ್ನೊಂದು. ಎಲ್ಲದರಲ್ಲೂ ಮೊದಲು 'ಪ್ರೆಸೆಂಟ್, ಟೀಚರ್' ಎಂದು ಬರೆದಿದ್ದುದು ಫೋಟೋ ಇಲ್ಲದ ಅದೇ ಬೂದು ಬಣ್ಣದ ವೃತ್ತ. ಮುಖವಿಲ್ಲ, ಹೆಸರಿಲ್ಲ. ಆ ವಿದ್ಯಾರ್ಥಿ ಒಂದು ದಿನವೂ ಗೈರುಹಾಜರಾಗಿರಲಿಲ್ಲ.

ಇವರಿಗೆ ಫೋನ್ ಮಾಡಿದೆ. "ಈಗಿನ ಮಕ್ಕಳೆಲ್ಲ ಮಾಡ್ತಾರೆ ಕಣೇ. ಡಿಲೀಟ್ ಮಾಡು, ಮುಗೀತು," ಎಂದರು. ಮಾಡಿದೆ. ಅನ್ವಿ ಅತ್ತು ಅತ್ತು ಮಲಗಿದಳು. ಅವಳ ಕೂದಲು ನೇವರಿಸುತ್ತ, ಮುಗಿಯಿತು ಎಂದು ನಾನೂ ನಂಬಿದೆ.

ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಫ್ಲ್ಯಾಟಿನ ಉಡುಪಿಯ ಶಕುಂತಲಕ್ಕ ಆಗಷ್ಟೇ ತರಕಾರಿ ತಂದಿದ್ದರು. ಚೀಲ ಕೆಳಗಿಟ್ಟು, ತಮ್ಮ ಬಾಲ್ಕನಿಯಿಂದಲೇ ಹೇಳಿದರು:

"ಟ್ಯೂಷನ್ ಶುರು ಮಾಡಿದ್ದು ನಮಗೆ ಹೇಳಲೇ ಇಲ್ಲ ನೀವು, ಎಂಥ ಮಾರಾಯ್ರೆ! ಗೇಟಿನ ಹತ್ರ ಒಬ್ರು ನಿಮ್ಮ ಅನ್ವಿ ಹೆಸರು ಹೇಳಿ ಕೇಳ್ತಾ ಇದ್ರು, ಟೀಚರ್ ಇವತ್ತು ಕ್ಲಾಸ್ ಯಾಕೆ ಅರ್ಧಕ್ಕೇ ಬಿಟ್ರು ಅಂತ."