ನಾನು ನೆಟ್ಟಗೆ ಮಾಡಿದ ಬ್ಲೇಡುಗಳು

ನಮ್ಮ ಮನೆಗೆ ಬೆಳಗಾಗುವುದು ನಾಲ್ಕಕ್ಕೆ. ಮಾಲ್‌ನ ಐಸ್ ರಿಂಕನ್ನು ಸಾರ್ವಜನಿಕರಿಗೆ ತೆರೆಯುವ ಮೊದಲು ಎರಡು ಗಂಟೆ ಸ್ಕೇಟಿಂಗ್ ಓಟದ ಮಕ್ಕಳಿಗೆ ಬಿಡುತ್ತಾರೆ. ನಾವಿರುವ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಿಂದ ಹೊರಟು ಐದಕ್ಕೆ ಅಲ್ಲಿರಬೇಕು. ಮಗ, ಸೊಸೆ ಇಬ್ಬರದೂ ಶಿಫ್ಟಿನ ಕೆಲಸ. ಆದ್ದರಿಂದ ಸ್ವೆಟರ್, ನೀರು, ಖರ್ಜೂರ, ಸ್ಕೇಟಿನ ಚೀಲ ಎಲ್ಲ ನನ್ನ ಸುಪರ್ದಿಯಲ್ಲಿ.

ಮೊದಲು ಓಡಿದವನು ಮೊಮ್ಮಗ. ಅವನ ಹಿಂದೆಯೇ ತಂಗಿಯೂ ಮಂಜುಗಡ್ಡೆಗಿಳಿದಳು. ಮೊಣಕಾಲು ಕೈಕೊಟ್ಟ ಮೇಲೆ ಅವನು ಓಟ ಬಿಟ್ಟು, ಆಫೀಸಿನ ಕೆಲಸ ಬಿಟ್ಟರೆ ತಂಗಿಯ ಬ್ಲೇಡು ಮಸೆಯುವುದು, ಕೂರಿಸುವುದು ಇಷ್ಟನ್ನೇ ಹಿಡಿದುಕೊಂಡ. ಒಲಿಂಪಿಕ್ಸ್ ಎಂಬ ಮಾತು ಅವನ ಬಾಯಿಂದ ಅವಳ ಬಾಯಿಗೆ ದಾಟಿತು.

ಆ ವಾರ ಹೊರದೇಶದ ತರಬೇತುದಾರರೊಬ್ಬರು ಬರುವವರಿದ್ದರು. ಐನೂರು ಮೀಟರ್ ಓಡಿಸಿ, ಇಬ್ಬರು ಹುಡುಗಿಯರನ್ನು ತಮ್ಮ ಶಿಬಿರಕ್ಕೆ ಆರಿಸುತ್ತಾರಂತೆ. ಒಲಿಂಪಿಕ್ಸ್ ಅರ್ಹತೆಯ ಓಟಗಳಿಗೆ ದಾರಿ ಅಲ್ಲಿಂದಲೇ. ಮೊಮ್ಮಗಳಿಗೆ ಹದಿನೇಳು. ಕೂತಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಊಟದ ಮೇಜಿನಡಿಯೂ ಟಪಟಪ. ಅದನ್ನು ಕೇಳಿ ಕೇಳಿ ನನಗೂ ಕೂರಲಾಗಲಿಲ್ಲ. ಅಡುಗೆಮನೆ ಡಬ್ಬಿಗಳನ್ನು ಎರಡು ಸಲ ಇಳಿಸಿ ಜೋಡಿಸಿದೆ. ಆಮೇಲೆ ಮಾಡಲು ಉಳಿದದ್ದು ಸ್ಕೇಟಿನ ಚೀಲ.

ನಾನು ಆಪರೇಷನ್ ಥಿಯೇಟರಿನ ಸಿಸ್ಟರಾಗಿ ನಿವೃತ್ತಳಾದವಳು. ಟ್ರೇಯಲ್ಲಿ ಕತ್ತರಿ ಕೊಂಚ ಓರೆಯಿದ್ದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಬೂಟು ಮಗುಚಿ ನೋಡಿದರೆ ಎರಡರಲ್ಲೂ ಬ್ಲೇಡು ನಡುವಿನಲ್ಲಿಲ್ಲ, ಎಡಕ್ಕೆ ಸರಿದಿದೆ. ಹುಡುಗ ಗಡಿಬಿಡಿಯಲ್ಲಿ ಬಿಗಿದಿದ್ದಾನೆ ಎಂದುಕೊಂಡೆ. ಅವನಿಗೆ ಬುದ್ಧಿ ಹೇಳಲೆಂದು, ಎಷ್ಟು ಸರಿದಿದೆ ಎಂಬುದನ್ನು ಅಳೆದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ಬಳಿಕ ಅವನದೇ ಕೀಲಿಯಿಂದ ಸ್ಕ್ರೂ ಸಡಿಲಿಸಿ, ಎರಡನ್ನೂ ನಟ್ಟನಡುವೆ ತಂದು ಬಿಗಿದೆ. ಅಟ್ಟೆಯ ಮೇಲೆ ಮಾರ್ಕರಿನ ಗೆರೆಗಳಿದ್ದವು. ಸ್ಪಿರಿಟ್ ಹಾಕಿ ಒರೆಸಿದೆ.

ಮರುದಿನ ಬೆಳಿಗ್ಗೆ, ಆಯ್ಕೆಯ ಓಟಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳಲು ಇಳಿದವಳು ಮೊದಲ ತಿರುವಿನಲ್ಲೇ ಬಿದ್ದಳು. ಎದ್ದು ಎರಡನೆಯ ಸುತ್ತಿನಲ್ಲೂ ಅಲ್ಲೇ ಬಿದ್ದಳು. ಮೊಮ್ಮಗ ಅವಳ ಬೂಟು ಬಿಚ್ಚಿಸಿ ಮಗುಚಿದ.

"ಇದಕ್ಕೆ ಯಾರು ಕೈ ಹಾಕಿದ್ದು?"

ತಪ್ಪಾದರೆ ಆ ಕ್ಷಣವೇ ಹೇಳಬೇಕು ಎಂಬುದು ಥಿಯೇಟರಿನ ನಿಯಮ. "ನಾನು. ವಾರೆ ಇತ್ತು, ಸರಿ ಮಾಡಿದೆ."

"ವಾರೆಯೇ ಇರ್ಬೇಕಜ್ಜಿ. ನಾವು ಯಾವಾಗ್ಲೂ ಎಡಕ್ಕೇ ಅಲ್ವಾ ತಿರುಗುವುದು? ನಡುವೆ ಇದ್ರೆ ಬಾಗುವಾಗ ಬೂಟು ಐಸಿಗೆ ತಾಗ್ತದೆ." ಅಟ್ಟೆಯನ್ನು ಬೆಳಕಿಗೆ ಹಿಡಿದ. "ಗುರುತಿಗೆ ನಾನು ಹಾಕಿದ ಗೆರೆ ಎಲ್ಲಿ?"

"ಒರೆಸಿದೆ."

ಅವನು ತಂಗಿಯ ಕಡೆ ತಿರುಗಿದ. "ಆಪರೇಷನ್ ಸಕ್ಸೆಸ್. ಪೇಷಂಟ್ ಖಲಾಸ್."

ಅವಳು ನಗಲಿಲ್ಲ. ಅವಳ ಸರದಿಗೆ ಇಪ್ಪತ್ತು ನಿಮಿಷವಿತ್ತು. ಅಳತೆ ಬರೆದದ್ದು ಆಗ ನೆನಪಾಗಿ ಕೈಚೀಲದಿಂದ ಪುಸ್ತಕ ತೆಗೆದೆ. ಬಲ ಬೂಟಿನದು ಹಿಂದೆ, ಮುಂದೆ ಎರಡೂ ಇತ್ತು. ಎಡದ್ದು ಮುಂದಿನದು ಮಾತ್ರ. ಹಿಂದಿನ ದಿನ ಬರೆಯುವಾಗ ಅಷ್ಟರಲ್ಲಿ ಕುಕ್ಕರ್ ಕೂಗಿತ್ತು. ನಾನು ಓದಿದೆ, ಅವನು ಬಿಗಿದ. ಎಡ ಹಿಮ್ಮಡಿಯದನ್ನು ಕಣ್ಣಂದಾಜಿನಲ್ಲಿ ಕೂರಿಸಿದ. ಒಂದು ಸುತ್ತು ಹೋಗಿಬಂದು ಅವಳೆಂದಳು, "ಇನ್ನೂ ಸ್ವಲ್ಪ ಒಳಗೆ." ಮತ್ತೆ ಬಿಚ್ಚಿದ. ಹೆಸರು ಕರೆದಾಗ ಕೊನೆಯ ಸ್ಕ್ರೂ ಬಿಗಿಯುತ್ತಿದ್ದ.

ನಾಲ್ಕೂವರೆ ಸುತ್ತು. ನಾನು ತಿರುವುಗಳನ್ನಷ್ಟೇ ನೋಡಿದೆ. ಮೂರನೆಯದರಲ್ಲಿ ಎಡಗಾಲು ಜಾರಿತು, ಕೈಯೂರಿ ಸಾವರಿಸಿಕೊಂಡಳು. ಎಲ್ಲರೂ ಓಡಿ ಮುಗಿಸಿದಾಗ ಸಮಯದಲ್ಲಿ ಅವಳು ಮೂರನೆಯವಳು. ಬೇಕಾದವರು ಇಬ್ಬರೇ.

 ಕಾರು ಮನೆ ಹತ್ತಿರ ಬಂದಾಗ ಅವಳು ಹಿಂದಿನ ಸೀಟಿನಿಂದ ಕೇಳಿದಳು, "ಅಜ್ಜಿ, ಎಡದ್ದು ಹಿಂದಿನದು ಯಾಕೆ ಬರೀಲಿಲ್ಲ?"

"ಕುಕ್ಕರ್ ಕೂಗಿತು."

"ನೆಕ್ಸ್ಟ್ ಟೈಮ್ ಗ್ಯಾಸ್ ಆಫ್ ಮಾಡಿ ಬರೀರಿ."

ತರಬೇತುದಾರರು ಮುಂದಿನ ವರ್ಷವೂ ಬರುತ್ತಾರಂತೆ. ಈಗ ಪ್ರತಿ ಶುಕ್ರವಾರ ನಾಲ್ಕೂ ಅಳತೆ ತೆಗೆದು, ದಿನಾಂಕ ಹಾಕಿ ಬರೆಯುತ್ತೇನೆ. ಮೊಮ್ಮಗ ಪಕ್ಕದಲ್ಲಿ ಸಹಿ ಮಾಡುತ್ತಾನೆ. ಸ್ಕ್ರೂ ಬಿಚ್ಚುವ ಕೀಲಿಯನ್ನು ಮಾತ್ರ ಅವನು ಆಫೀಸಿಗೆ ಕೊಂಡುಹೋಗುತ್ತಾನೆ. ಮಗುಚಿಟ್ಟ ಬೂಟಿನ ಮುಂದೆ ಹಾದುಹೋಗುವಾಗ ಇವತ್ತಿಗೂ ನನ್ನ ಕೈ ಸುಮ್ಮನಿರುವುದಿಲ್ಲ. ಹಿಂದೆ ಕಟ್ಟಿಕೊಂಡು ದಾಟುತ್ತೇನೆ.